ಓಗೊಡುವುದು

ಹಿಮ ಮೊಣಕಾಲಿನವರೆಗೆ. ಕರ್ಜಲಿಯ ತಂಬಾಕು ಗೋದಾಮಿನ ಮುಂದೆ
ಸಾಲು ನಿಂತಿದ್ದೆವು, ಕೈಯಲ್ಲಿ ಹಳೆಯ ಗುರುತುಚೀಟಿ.
ಒಳಗೆ ಕಲ್ಲಿದ್ದಲ ಒಲೆ, ಒಂದು ಮೇಜು,
ಮೇಜಿನ ಮೇಲೆ ಟೈಪು ಮಾಡಿದ ಹೆಸರುಗಳ ಪಟ್ಟಿ,
ಅದರಂಚಿಗೆ ಟೀ ಲೋಟದ ಉಂಗುರದಂಥ ಕಲೆ.

"ಬೇಗ ಆರಿಸು," ಎಂದ ಗುಮಾಸ್ತ. ಕೆಟ್ಟವನಲ್ಲ;
ಅವನ ಮಗಳೂ ನಾನೂ ಮೂರನೆಯ ತರಗತಿಯಲ್ಲಿ ಒಂದೇ ಬೆಂಚು.
"ಬದಲಿಸುತ್ತಿದ್ದೇವೆಂದು ತಿಳಿಯಬೇಡ.
ನಿನ್ನ ಹೆಸರು ಮೊದಲಿಂದಲೂ ಇದೇ. ನಿಮ್ಮಜ್ಜಂದಿರು ಮರೆತಿದ್ದರು.
ನೆನಪಿಸುತ್ತಿದ್ದೇವೆ, ಅಷ್ಟೆ."

ಶೆಫಿಕಾ ಆಗಿ ಒಳಹೋದವಳು
ಸ್ನೆಜಾನಾ ಆಗಿ ಹೊರಬಂದೆ.
ಹಿಮದವಳು ಎಂದರ್ಥ.
ಕಿಟಕಿಯಾಚೆ ಅದೇ ಬೀಳುತ್ತಿತ್ತು; ಯೋಚಿಸಲು ಪುರಸೊತ್ತಿಲ್ಲದೆ
ಕಣ್ಣಿಗೆ ಬಿದ್ದದ್ದನ್ನೇ ಇಟ್ಟುಕೊಂಡೆ.

ಅವ್ವ ಪಟ್ಟಿಯತ್ತ ನೋಡಲೂ ಇಲ್ಲ.
ವೆಸಿಲೆಯನ್ನು ಹೊಡೆದುಹಾಕಿ ಗುಮಾಸ್ತನೇ ಬರೆದ: ವೆಲಿಕಾ.
ಶನಿವಾರ ಬಟವಾಡೆಯ ಹೊತ್ತು. ವೆಲಿಕಾ!
ಅವ್ವ ಎಲೆಯಿಂದ ಎಲೆ ಬಿಡಿಸುತ್ತ ಕೂತಳು.
ವೆಲಿಕಾ! ವೆಲಿಕಾ!
ಗಾಳಿ ಬೀಸಿದರೆ ಯಾರಾದರೂ ಓಗೊಡುತ್ತಾರೆಯೇ?
ಮೂರು ತಿಂಗಳ ಸಂಬಳ ಪೆಟ್ಟಿಗೆಯಲ್ಲೇ ಉಳಿದು,
ಲೆಕ್ಕ ತಾಳೆಯಾಗದೆ ಬೇಸತ್ತ ಮೇಸ್ತ್ರಿ ಕೊನೆಗೆ
ದಾಖಲೆಯಲ್ಲಿ ಬರೆದುಕೊಂಡ: ಕಿವುಡಿ.
ಅದಕ್ಕೆಂದು ತಿಂಗಳಿಗೆ ಹನ್ನೊಂದು ಲೇವ ಭತ್ಯೆ ಬಂತು.
ಅದನ್ನು ಅವ್ವ ಎರಡು ಸಲ ಎಣಿಸಿಕೊಂಡಳು.

ನಾನು ಹಾಗಲ್ಲ. ನನಗೆ ಹತ್ತೊಂಬತ್ತು.
ಮೊದಲ ವಾರ ಕರೆದಾಗ ಅಕ್ಕಪಕ್ಕ ನೋಡುತ್ತಿದ್ದೆ,
ಆಮೇಲೆ ಕೊಂಚ ತಡೆದು ಓ ಎನ್ನುತ್ತಿದ್ದೆ,
ಆಮೇಲೆ ತಡೆಯಿಲ್ಲ.
ವಸಂತದ ಹೊತ್ತಿಗೆ ಸ್ನೆಜಾನಾಗೆ ತನ್ನದೇ ಒಂದು ನಗು ಬಂದಿತ್ತು,
ಸಹಿಯ ಕೊನೆಗೆ ಬಾಲ ಎಳೆಯುತ್ತಿದ್ದಳು,
ಸಭೆಯಲ್ಲಿ ಮುಂದಿನ ಸಾಲು.
ಒಂದು ದಿನ ಬಸ್ಸಿನಲ್ಲಿ ಮುದುಕನೊಬ್ಬ ಮರೆತು
ನಮ್ಮ ಮಾತಾಡಿದಾಗ "ಶ್!" ಎಂದದ್ದು ಯಾರ ಬಾಯಿ?
ಬಸ್ಸಿನಲ್ಲಿ ಪೊಲೀಸರಿರಲಿಲ್ಲ.
ನಾನಿದ್ದೆ.

ಎಂಬತ್ತೊಂಬತ್ತರ ಬೇಸಿಗೆ. ಟ್ರಕ್ಕಿನ ಮೇಲೆ ಹಾಸಿಗೆ, ಹೊಲಿಗೆಯಂತ್ರ,
ಬುಟ್ಟಿ ತುಂಬ ಕೋಳಿ. ಗಡಿಯಾಚೆಯ ಅಧಿಕಾರಿ ನಕ್ಕು
"ತಗೊಳ್ಳಿ, ನಿಮ್ಮ ಹೆಸರು ನಿಮಗೆ ಬಂತು" ಎಂದ.
ನಮಗೆಂದೂ ಇಲ್ಲದ ಅಡ್ಡಹೆಸರೊಂದನ್ನೂ ಸೇರಿಸಿದ;
ಅವನ ಮೇಜಿನ ಮೇಲೂ ಒಂದು ಪಟ್ಟಿಯಿತ್ತು.
ಬುರ್ಸಾದ ನೇಯ್ಗೆ ಗಿರಣಿಯಲ್ಲಿ ಪಕ್ಕದ ಮಗ್ಗದವಳು
ಇವತ್ತಿಗೂ ಕರೆಯುವುದು: "ಏ ಬಲ್ಗೇರಿಯಾದವಳೇ!"
ಅದಕ್ಕೂ ಓ ಎನ್ನುತ್ತೇನೆ.

ಹಾಗಾದರೆ ಶೆಫಿಕಾ? ಅವಳು ನನ್ನವಳೇ?
ಹುಟ್ಟಿದ ಮೂರನೆಯ ದಿನ ಅಜ್ಜ ಕಿವಿಯಲ್ಲಿ ಬಾಂಗು ಹೇಳಿ
ಮೂರು ಸಲ ಆ ಹೆಸರು ಊದಿದನಂತೆ.
ನಾನೇನೂ ಕೇಳಿಕೊಂಡಿರಲಿಲ್ಲ. ಅಳುತ್ತಿದ್ದೆನಂತೆ,
ಕಿವಿಗೆ ಬಿದ್ದದ್ದೇ ಸುಮ್ಮನಾದೆನಂತೆ;
ಮನೆಯಲ್ಲಿ ಅದನ್ನು ಶುಭವೆಂದು ಹೇಳಿಕೊಳ್ಳುತ್ತಾರೆ.
ಅಜ್ಜನ ಬಾಗಿಲಲ್ಲಿ ಬಂದೂಕು ಇರಲಿಲ್ಲ.
ಎರಡೂ ಒಂದೇ ಎನ್ನಲಾರೆ.
ಬೇರೆ ಬೇರೆ ಎಂದು ಆಣೆಯನ್ನೂ ಇಡಲಾರೆ.

ಹೋದ ತಿಂಗಳು ಸಂತೆಯಲ್ಲಿ ಚೆರ್ರಿ ತೂಗಿಸುತ್ತಿದ್ದೆ.
ಹಿಂದಿನಿಂದ ಯಾರೋ: "ಸ್ನೆಜಾನಾ!"
ಪ್ರವಾಸಿಯೊಬ್ಬ ತನ್ನ ಮಗಳನ್ನು ಕರೆದದ್ದು.
ಮೂವತ್ತು ವರ್ಷದ ಮೇಲೆ, ಆ ಹುಡುಗಿಗಿಂತ ಮೊದಲು
ನನ್ನ ಕುತ್ತಿಗೆ ತಿರುಗಿತ್ತು.
ಚೀಲ ಓರೆಯಾಗಿ ಹಣ್ಣು ಚೆಲ್ಲಿದವು.
ಬಗ್ಗಿ ಆಯ್ದುಕೊಟ್ಟವಳು ಅವಳೇ.

ಮನೆಗೆ ಬಂದು ಅವ್ವನಿಗೆ ಹೇಳೋಣವೆಂದರೆ
ಅವ್ವ ಈಗ ನಿಜಕ್ಕೂ ಕಿವುಡಿ.
ವೆಸಿಲೆ ಎಂದರೂ ಇಲ್ಲ, ವೆಲಿಕಾ ಎಂದರೂ ಇಲ್ಲ.
ಭುಜ ಮುಟ್ಟಬೇಕು. ಮುಟ್ಟಿದೆ.
ಕಿಟಕಿಯಿಂದ ಮುಖ ತಿರುಗಿಸದೆ, ಅಗತ್ಯಕ್ಕಿಂತ ಜೋರಾಗಿ,
"ಯಾರು?" ಎಂದಳು.

ಅವಳ ಅಂಗೈ ಬಿಡಿಸಿ ಎರಡು ಚೆರ್ರಿ ಇಟ್ಟೆ.